ಫೈಲ್ ಮೇಲ್ ಮಾಡೋಕೆ ಬ್ರೌಸರಿನಲ್ಲೇ ಒಂದು ಕಮಾಂಡ್: ಮಾಡಿಕೊಂಡವರು ಅನುಭವ ಹೇಳಿ

ಹಸಿರುಪೆನ್ನು: ದಿನಾ ಹತ್ತು ಹದಿನೈದು ಪಿಡಿಎಫ್ ಅದೇ ಮೂರು ಜನಕ್ಕೆ ಕಳಿಸಬೇಕು. ಅಡ್ರೆಸ್ ಬಾರಿನಲ್ಲಿ ‘ಕಳಿಸು’ ಅಂತ ಟೈಪ್ ಮಾಡಿ ಹೆಸರು ಹಾಕಿದರೆ ಹೋಗಿಬಿಡಬೇಕು. ಕೋಡ್ ಸ್ವಲ್ಪ ಬರುತ್ತದೆ. ಎಷ್ಟು ದಿನ ಹಿಡಿಯುತ್ತದೆ?

ಅರ್ಧರಾತ್ರಿ: ನಾನು ಮೇಲ್‌ಟು (ಒತ್ತಿದರೆ ಹೊಸ ಪತ್ರ ತೆರೆಯುವ ಲಿಂಕ್) ಬುಕ್‌ಮಾರ್ಕ್‌ಲೆಟ್‌ನಿಂದ, ಅಂದರೆ ಬುಕ್‌ಮಾರ್ಕ್ ಆಗಿ ಇಟ್ಟ ಸಣ್ಣ ಕೋಡಿನಿಂದ, ಶುರು ಮಾಡಿದೆ. ಒಂದೇ ಸಾಲು, ಅರ್ಧ ಗಂಟೆ ಸಾಕು ಅಂದುಕೊಂಡಿದ್ದೆ. ನಾಲ್ಕು ರಾತ್ರಿ ಹೋಯಿತು. ಮೊದಲ ರಾತ್ರಿ ಇಡೀ ಪತ್ರದಲ್ಲಿ ಪದಗಳ ನಡುವೆ ಜಾಗದ ಬದಲು ಪ್ಲಸ್ ಗುರುತು. ಪಠ್ಯವನ್ನು ಲಿಂಕಿಗೆ ಹೊಂದಿಸೋಕೆ ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್ ಬಳಸಿದ್ದೇ ತಪ್ಪು, ಅದರ ಬದಲು, ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಹಾಕಿದ ಮೇಲೆ ಸರಿಹೋಯಿತು. ಆಮೇಲೆ ಕನ್ನಡ! ಒಂದೊಂದು ಯೂನಿಕೋಡ್ ಅಕ್ಷರ 3 ಬೈಟ್, ಲಿಂಕಿನಲ್ಲಿ 9 ಅಕ್ಷರ. ‘ಕನ್ನಡ’ ಅನ್ನುವ ಒಂದೇ ಪದದಲ್ಲಿ, ಒತ್ತು ಜೋಡಿಸುವ ಗುರುತೂ ಸೇರಿ, ಅಂಥವು ಐದು, ಒಟ್ಟು 45. ಎರಡು ಪ್ಯಾರಾ ಬರೆದರೆ ನನ್ನ ಕಂಪ್ಯೂಟರಿನಲ್ಲಿ ಪತ್ರ ನಡುವೆಯೇ ಕತ್ತರಿಸಿಹೋಗಿ ಕೊನೆಗೆ ಒಂದು ಡಬ್ಬಿ ಗುರುತು. ಅಟ್ಯಾಚ್‌ಮೆಂಟ್ ಅಂತೂ ಮೇಲ್‌ಟು ನಿಯಮದಲ್ಲೇ ಇಲ್ಲ, ಅದು ಗೊತ್ತಾಗಿದ್ದು ನಾಲ್ಕನೇ ರಾತ್ರಿ. ಈಗ ಪತ್ರ ತೆರೆದುಕೊಳ್ಳುತ್ತದೆ, ಫೈಲನ್ನು ಕೈಯಲ್ಲೇ ಎಳೆದು ಹಾಕುತ್ತೇನೆ. ನನಗೆ ಸಾಕು.

ಬೇಸ್64: ಕೈಯಲ್ಲೇ ಎಳೆದು ಹಾಕೋದಾದರೆ ಕಮಾಂಡ್ ಯಾಕೆ ಸ್ವಾಮಿ?

ನಾನು ಕ್ರೋಮ್‌ಗೆ ಪೂರ್ತಿ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಬರೆದೆ. ಆಮ್ನಿಬಾಕ್ಸ್ ಕೀವರ್ಡ್, ಅಂದರೆ ಅಡ್ರೆಸ್ ಬಾರಿನಲ್ಲಿ ಟೈಪ್ ಮಾಡುವ ಪದ, ಒಂದು ಸಂಜೆಯ ಕೆಲಸ. ಕೋಡಿನಿಂದಲೇ ಮೇಲ್ ಕಳಿಸುವ ಜಿಮೇಲ್ ಎಪಿಐ ಆರು ವಾರ ತಿಂದಿತು. ಗೂಗಲ್‌ನಲ್ಲಿ ಅದನ್ನು ‘ಟೆಸ್ಟಿಂಗ್’ ಸ್ಥಿತಿಯಲ್ಲೇ ಇಟ್ಟಿದ್ದರಿಂದ ಮೇಲ್ ಕಳಿಸುವ ಅನುಮತಿ 7 ದಿನಕ್ಕೆ ಮುಗಿಯುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಕಮಾಂಡ್ ಸುಮ್ನೆ ಕೂರುತ್ತಿತ್ತು, ಎರರ್ ಕೂಡ ಇಲ್ಲ, ಯಾಕಂದರೆ ಎರರ್ ತೋರಿಸುವ ಕೋಡ್ ನಾನೇ ಬರೆದಿರಲಿಲ್ಲ. ಮೂರು ಸೋಮವಾರ ಆದ ಮೇಲೆ ತಲೆಗೆ ಹೋಯಿತು. ನೆಟ್ ನಿಧಾನವಿದ್ದಾಗ ಸರ್ವೀಸ್ ವರ್ಕರ್ (ಎಕ್ಸ್‌ಟೆನ್ಷನ್‌ನ ಹಿನ್ನೆಲೆಯಲ್ಲಿ ಓಡುವ ಕೋಡ್) 30 ಸೆಕೆಂಡಿಗೆ ಸತ್ತುಹೋಗಿ ದೊಡ್ಡ ಫೈಲ್ ಅರ್ಧಕ್ಕೇ ನಿಲ್ಲುತ್ತಿತ್ತು. ಕಳಿಸುವ ಕೆಲಸವನ್ನು ಬೇರೆ ಟ್ಯಾಬಿಗೆ ಹಾಕಿ ಬಚಾವಾದೆ. 20 ಎಂಬಿ ಫೈಲ್ 25ರ ಮಿತಿಯೊಳಗೇ ಇದೆ ಅಂದುಕೊಂಡಿದ್ದೆ. ಮೇಲ್‌ನಲ್ಲಿ ಫೈಲನ್ನು ಅಕ್ಷರಗಳಾಗಿ ಬರೆಯುವ ಬೇಸ್64ನಲ್ಲಿ 3 ಬೈಟ್ 4 ಆಗುತ್ತದೆ, ಹೋಗುವಾಗ ಅದು ಹತ್ತಿರಹತ್ತಿರ 27! ಕನ್ನಡ ಹೆಸರಿನ ಫೈಲ್ ಆಚೆ ಕಡೆ ‘?????.ಪಿಡಿಎಫ್’ ಆಗಿ ಇಳಿಯಿತು. ಅದನ್ನು ಸರಿಮಾಡಿದ್ದು ನನ್ನ ಜೀವನದ ದೊಡ್ಡ ಸಾಧನೆ, ನಗಬೇಡಿ.

ಹಳೇಬೆಂಕಿನರಿ: ಇದೆಲ್ಲ 2008ರಲ್ಲೇ ಇತ್ತು. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾದ ಲ್ಯಾಬ್ಸ್‌ನವರ ಯುಬಿಕ್ವಿಟಿ ಅನ್ನುವ ಆಡ್‌ಆನ್. ಪಠ್ಯ ಆಯ್ಕೆ ಮಾಡಿ ‘ಇವರಿಗೆ ಮೇಲ್ ಮಾಡು’ ಅಂತ ಟೈಪ್ ಮಾಡಿದರೆ ಅದನ್ನು ಹಾಕಿದ ಪತ್ರವೇ ತೆರೆದುಕೊಳ್ಳುತ್ತಿತ್ತು. ಅದನ್ನು ಕೈಬಿಟ್ಟರು. 2017ರಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೆಯ ಆಡ್‌ಆನ್‌ಗಳೆಲ್ಲ ಹೋದವು, ನಾನು ಬರೆದಿದ್ದ ಹನ್ನೊಂದು ಕಮಾಂಡೂ ಹೋದವು. ಈಗ ಥಂಡರ್‌ಬರ್ಡ್ ಅನ್ನುವ ಮೇಲ್ ಪ್ರೋಗ್ರಾಂಗೆ ಕಾಂಪೋಸ್ (ಪತ್ರ ಬರೆ) ಆಯ್ಕೆ ಕೊಟ್ಟು ಒಂದು ಸಣ್ಣ ಸ್ಕ್ರಿಪ್ಟ್. ಅದು ಅಟ್ಯಾಚ್‌ಮೆಂಟ್ ಸಮೇತ ಪತ್ರ ತೆರೆಯುತ್ತದೆ. ಕಳಿಸು ಬಟನ್ ನಾನೇ ಒತ್ತುತ್ತೇನೆ.

ಲಿಂಕ್‌ರಾಯ: ಎಲ್ಲರೂ ಸುಮ್ನೆ ಒದ್ದಾಡುತ್ತಿದ್ದೀರಿ. ಗೂಗಲ್ ಡ್ರೈವ್‌ಗೆ ಹಾಕಿ ಲಿಂಕ್ ಕಳಿಸಿ.

ಬೇಸ್64: ಒಂದು ಸಲ ಹಾಗೇ ಕಳಿಸಿದೆ. ಒಂದೇ ಮಧ್ಯಾಹ್ನ ಹದಿನೇಳು ‘ಅನುಮತಿ ಕೊಡಿ’ ಮೇಲ್ ಬಂದವು.

ಲಿಂಕ್‌ರಾಯ: ಶೇರ್ ಸೆಟ್ಟಿಂಗ್ ನೋಡೋದು ಬಿಟ್ಟು ಆರು ವಾರ ಕೋಡ್ ಬರೆದಿರಲ್ಲ, ಅದಕ್ಕೇನು ಹೇಳಲಿ.

ಬೇಸ್64: ಲಿಂಕ್ ಇರುವ ಎಲ್ಲರಿಗೂ ತೆರೆದಿಟ್ಟು ‘ಸುಲಭ’ ಅನ್ನುವವರ ಹತ್ತಿರ ನನಗೆ ಮಾತಿಲ್ಲ. ನಿಮ್ಮ ಸಂಬಳದ ಚೀಟಿ ಹಾಗೆ ಇಡ್ತೀರಾ?

ಅರ್ಧರಾತ್ರಿ: ಸಾಕು ಬಿಡ್ರಪ್ಪ. ‘ಕಳಿಸು’ ಅಂತ ಕನ್ನಡದಲ್ಲಿ ಕೀವರ್ಡ್ ಇಟ್ಟರೆ ಪ್ರತಿ ಸಲ ಕೀಲಿಮಣೆ ಬದಲಾಯಿಸಬೇಕು, ಅದನ್ನು ಯಾರೂ ಹೇಳಲೇ ಇಲ್ಲ.

ಹಳೇಬೆಂಕಿನರಿ: ಸದಾ ಕನ್ನಡದಲ್ಲೇ ಇಟ್ಟುಕೊಂಡರೆ ಆಯ್ತು.

ಅರ್ಧರಾತ್ರಿ: ಪಾಸ್‌ವರ್ಡೂ ಕನ್ನಡದಲ್ಲೇ ಹೊಡೆಯೋಣವಾ ಸರ್?

ಹಸಿರುಪೆನ್ನು: ಎಲ್ಲರಿಗೂ ಥ್ಯಾಂಕ್ಸ್. ಒಂದು ಹೇಳೋದು ಮರೆತೆ, ನಾನು ಬಳಸೋದು ಫೈರ್‌ಫಾಕ್ಸ್.

ಬೇಸ್64: ಹಾಗಾದರೆ ನನ್ನ ಲಾಗಿನ್ ಭಾಗ ನಿಮಗೆ ಬರಲ್ಲ. ಲಾಗಿನ್‌ಗೆ ನಾನು ಬಳಸಿದ ಗೆಟ್‌ಆಥ್‌ಟೋಕನ್ ಫಂಕ್ಷನ್ ಅಲ್ಲಿಲ್ಲ, ಅದರ ಬದಲು ವೆಬ್‌ಆಥ್‌ಫ್ಲೋ ಹಿಡಿದು ಮತ್ತೆ ಬರೀಬೇಕು. ಮೊದಲೇ ಹೇಳಬಾರದಿತ್ತಾ ಮಾರಾಯ್ರೆ.

ಲಿಂಕ್‌ರಾಯ: ಲಿಂಕ್ ಫೈರ್‌ಫಾಕ್ಸಲ್ಲೂ ತೆರೆಯುತ್ತದೆ.