ಯುರಾಲಜಿ ಡಾಕ್ಟರ್‌ನ ಆರಿಸೋಕೆ ಸೈಟೇಶನ್ (ಲೇಖನಗಳ ಉಲ್ಲೇಖದ ಲೆಕ್ಕ) ನೋಡಬೇಕಾ?

ಬೆಟಗೇರಿಯವ:
ಅಪ್ಪನಿಗೆ 71. ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿನ ಗ್ರಂಥಿ) ದೊಡ್ಡದಾಗಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಬಂದಿದೆ. ರಾತ್ರಿ ಎದ್ದೆದ್ದು ಒಂದಕ್ಕೆ ಹೋಗುತ್ತಾರೆ. ಗದಗಿನಿಂದ ಹುಬ್ಬಳ್ಳಿ ಬಸ್ ಹತ್ತೋದಕ್ಕೂ ಈಗ ಹೆದರಿಕೆ, ಅಣ್ಣಿಗೇರಿ ಬರುವಷ್ಟರಲ್ಲಿ ಕಂಡಕ್ಟರ್ ಹತ್ತಿರ ಹೋಗಿ ನಿಂತುಬಿಡುತ್ತಾರೆ. ಹುಬ್ಬಳ್ಳಿ ಡಾಕ್ಟರ್ ಮಾತ್ರೆ ಬರೆದು, ಆಪರೇಷನ್ ಆಮೇಲೆ ನೋಡೋಣ ಅಂದಿದ್ದಾರೆ. ಬೆಂಗಳೂರಿನ ನಮ್ಮ ಭಾವ ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್ ತೆಗೆದು, ಇವರ ಹೆಸರಲ್ಲಿ ಏನೂ ಇಲ್ಲ, ಇಲ್ಲೊಬ್ಬರ ಎಚ್-ಇಂಡೆಕ್ಸ್ ಬಹಳ ಜಾಸ್ತಿ ಇದೆ, ಇಲ್ಲಿಗೇ ಕರೆದುಕೊಂಡು ಬಾ ಅಂತ ಹಟ ಹಿಡಿದಿದ್ದಾರೆ. ಆ ನಂಬರ್‌ಗೆ ಅಷ್ಟು ಬೆಲೆ ಇದೆಯಾ?

ಧಾರವಾಡ ಲೈಬ್ರರಿ:
ಬೆಲೆ ಇದೆ, ಆದರೆ ನಿಮ್ಮ ಕೆಲಸಕ್ಕಲ್ಲ. ಒಬ್ಬರ ಎಚ್-ಇಂಡೆಕ್ಸ್ 40 ಅಂದರೆ ಅವರ 40 ಲೇಖನಗಳನ್ನು ಬೇರೆ ಲೇಖನಗಳಲ್ಲಿ ತಲಾ 40 ಸಲವಾದರೂ ಉಲ್ಲೇಖಿಸಿದ್ದಾರೆ, ಅಷ್ಟೇ. 2005ರಲ್ಲಿ ಇದನ್ನು ತಂದ ಹಿರ್ಷ್ ಭೌತಶಾಸ್ತ್ರದವರು, ಡಾಕ್ಟರ್ ಅಲ್ಲ. ವಯಸ್ಸಾದಂತೆ ಅದು ಏರುತ್ತೆ, ಇಳಿಯೋದಿಲ್ಲ. ಹತ್ತಿಪ್ಪತ್ತು ಜನ ಸೇರಿ ಬರೆದ ಲೇಖನದಲ್ಲಿ ಹೆಸರಿದ್ದರೂ ಲೆಕ್ಕಕ್ಕೆ ಸೇರುತ್ತೆ. ಬೈದು ಉಲ್ಲೇಖಿಸಿದರೂ ಸೇರುತ್ತೆ! ಪಿಎಸ್‌ಎ ರಕ್ತಪರೀಕ್ಷೆಯಿಂದ ಪ್ರಾಸ್ಟೇಟ್ ಕ್ಯಾನ್ಸರ್ ಹುಡುಕಬಹುದು ಅಂತ ಅಮೆರಿಕದ ಯುರಾಲಜಿ ಡಾಕ್ಟರ್ ಕ್ಯಾಟಲೋನಾ 1991ರಲ್ಲಿ ಬರೆದದ್ದನ್ನು ಒಪ್ಪಿದವರೂ ಎತ್ತಿ ಹೇಳುತ್ತಾರೆ, ಎಲ್ಲರಿಗೂ ಆ ಪರೀಕ್ಷೆ ಬೇಡ ಅನ್ನುವವರೂ ಎತ್ತಿ ಹೇಳುತ್ತಾರೆ. ನಂಬರ್‌ಗೆ ಎರಡೂ ಒಂದೇ.

ವಿದ್ಯಾನಗರ ಸಿಸ್ಟರ್:
ಯುರಾಲಜಿ ಒಪಿಡಿಯಲ್ಲಿ ಕೆಲಸ ಮಾಡುತ್ತೇನೆ. ಸಂಶೋಧನೆಯ ಪ್ರಭಾವ ನೋಡಬೇಕು ಅಂದರೆ ನಮ್ಮ ಟೇಬಲ್ ಮೇಲಿರುವ ಒಂದು ಹಾಳೆ ನೋಡಿ. ಏಳು ಪ್ರಶ್ನೆ: ಪೂರ್ತಿ ಖಾಲಿ ಆಗಿಲ್ಲ ಅನ್ನಿಸುತ್ತಾ, ಎರಡು ತಾಸಿನೊಳಗೆ ಮತ್ತೆ ಹೋಗಬೇಕಾ, ನಿಂತು ನಿಂತು ಬರುತ್ತಾ, ತಡೆಯೋಕೆ ಆಗಲ್ವಾ, ಧಾರೆ ಸಣ್ಣ ಆಗಿದೆಯಾ, ತಿಣುಕಬೇಕಾ, ರಾತ್ರಿ ಎಷ್ಟು ಸಲ ಏಳುತ್ತೀರಿ. ಒಂದೊಂದಕ್ಕೆ 0ಯಿಂದ 5. ಒಟ್ಟು 7ರ ಒಳಗಿದ್ದರೆ ಸೌಮ್ಯ, 8ರಿಂದ 19 ಮಧ್ಯಮ, 20 ಅಥವಾ ಹೆಚ್ಚಿದ್ದರೆ ತೀವ್ರ. ಇದನ್ನು 1992ರಲ್ಲಿ ಅಮೆರಿಕದಲ್ಲಿ ಮೈಕಲ್ ಬ್ಯಾರಿ ಮತ್ತು ಜೊತೆಗಾರರು ಮಾಡಿದ್ದು. ಬ್ಯಾರಿ ಸರ್ಜನ್ ಅಲ್ಲವೇ ಅಲ್ಲ, ಸಾಮಾನ್ಯ ಜನರಲ್ ಮೆಡಿಸಿನ್ ಡಾಕ್ಟರ್! ಆಮೇಲೆ ಇದಕ್ಕೆ ಎಂಟನೆಯದು ಸೇರಿತು: ಜೀವನ ಪೂರ್ತಿ ಹೀಗೇ ಇದ್ದರೆ ನಿಮಗೆ ಹೇಗನ್ನಿಸುತ್ತೆ ಅಂತ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ರೋಗಿಗೆ ಎಷ್ಟು ತ್ರಾಸ ಅನ್ನೋದು ಮುಖ್ಯ ಅಂತ ನಮಗೆಲ್ಲ ಕಲಿಸಿದ್ದು ಈ ಹಾಳೆ. ಹಾಳೆ ಮೇಲೆ ಬ್ಯಾರಿ ಹೆಸರೂ ಇರೋದಿಲ್ಲ.

ಹಾವೇರಿ ಮೆಡಿಕಲ್:
ಸಿಸ್ಟರ್ ಹೇಳಿದ್ದು ಸರಿ. ಮಾತ್ರೆ ಬರೆದದ್ದಕ್ಕೂ ಬೇಜಾರಾಗಬೇಡಿ. 2003ರಲ್ಲಿ ಬಂದ, ಪ್ರಾಸ್ಟೇಟ್ ಮಾತ್ರೆಗಳ ಬಗ್ಗೆ ಮಾಡಿದ ಎಂಟಾಪ್ಸ್ (MTOPS) ಅಧ್ಯಯನದಲ್ಲಿ 3,047 ಗಂಡಸರಿದ್ದರು. ಡಾಕ್ಸಾಜೋಸಿನ್, ಫಿನಾಸ್ಟರೈಡ್ ಅನ್ನೋ ಎರಡೂ ಮಾತ್ರೆ ಸೇರಿಸಿ ಕೊಟ್ಟಾಗ, ಔಷಧ ಇಲ್ಲದ ಖಾಲಿ ಮಾತ್ರೆಗೆ ಹೋಲಿಸಿದರೆ ತೊಂದರೆ ಹೆಚ್ಚಾಗುವ ಅಪಾಯ 66% ಕಡಿಮೆ ಆಯಿತು. ಒಂದೊಂದೇ ಕೊಟ್ಟಾಗ ಅಷ್ಟು ಗುಣ ಇರಲಿಲ್ಲ. ಫಿನಾಸ್ಟರೈಡ್ ಪರಿಣಾಮ ಕಾಣೋಕೆ ಆರು ತಿಂಗಳೂ ಬೇಕಾಗಬಹುದು, ಒಂದು ಸ್ಟ್ರಿಪ್ ಮುಗಿಸಿ ಏನೂ ಆಗಲಿಲ್ಲ ಅಂತ ಬಿಟ್ಟು ಬರುವವರು ನನ್ನ ಅಂಗಡಿಗೆ ದಿನಾ ಬರುತ್ತಾರೆ. ನಿಮ್ಮ ಚೀಟಿಯಲ್ಲಿ ಯಾವುದಿದೆ ಅಂತ ಮೊದಲು ನೋಡಿ. ಮೂತ್ರ ಪೂರ್ತಿ ಕಟ್ಟಿದರೆ, ರಕ್ತ ಬಂದರೆ, ಚಳಿಜ್ವರ ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ.

ಧಾರವಾಡ ಲೈಬ್ರರಿ:
ಆಪರೇಷನ್ ಮಾತು ಬಂದಾಗ ಸರ್ಜನ್‌ಗೆ ಕೇಳಬೇಕಾದದ್ದು ಬೇರೆ. ವರ್ಷಕ್ಕೆ ಎಷ್ಟು ಮಾಡುತ್ತೀರಿ, ಆಮೇಲೆ ಎಷ್ಟು ದಿನ ಮೂತ್ರದ ಪೈಪ್ ಇರುತ್ತೆ, ಮೂತ್ರ ತಡೆಯುವ ಶಕ್ತಿ ಏನಾಗುತ್ತೆ. ಗೂಗಲ್ ಸ್ಕಾಲರ್‌ನಲ್ಲಿ ಇದ್ಯಾವುದೂ ಸಿಗಲ್ಲ. ಭಾವನ ಕಾಳಜಿ ತಪ್ಪಲ್ಲ ಬಿಡಿ, ಎರಡನೇ ಅಭಿಪ್ರಾಯ ಬೇಕಿದ್ದರೆ ರಿಪೋರ್ಟ್ ಕಳಿಸಿ ಕೇಳಬಹುದು, ಅಪ್ಪನ್ನ ಬಸ್ಸಲ್ಲಿ ಕೂರಿಸಿಕೊಂಡು ಅಷ್ಟು ದೂರ ಯಾಕೆ?

ಬೆಟಗೇರಿಯವ:
ಚೀಟಿಯಲ್ಲಿ ಟ್ಯಾಮ್ಸುಲೋಸಿನ್ (ಡಾಕ್ಸಾಜೋಸಿನ್ ಜಾತಿಯ ಮಾತ್ರೆಯೇ) ಒಂದೇ ಇದೆ, ಮುಂದಿನ ಸಲ ಕೇಳುತ್ತೇನೆ. ಹಾಳೆ ಪ್ರಿಂಟ್ ತೆಗೆಸಿದೆ. ನನ್ನ ಮುಂದೆ ಉತ್ತರ ಹೇಳೋಕೆ ಅಪ್ಪ ನಾಚಿಕೊಳ್ಳುತ್ತಾರೆ, ಕಾಕಾನ್ನ ಕರೆದು ಇಬ್ಬರನ್ನೂ ಕೂರಿಸಬೇಕು. ಕಾಕಾನೂ ತುಂಬೋದು ಒಳ್ಳೇದು ಅನ್ಸುತ್ತೆ, ಅವರೂ ಮದುವೆ ಮನೆಗೆ ಹೋದರೆ ಮೊದಲು ಕೇಳೋದು ಬಚ್ಚಲು ಎಲ್ಲಿ ಅಂತಲೇ.