ಅನಿಮೇಶನ್ ಚಾರ್ಟ್‌ನಲ್ಲಿ ಕನ್ನಡ ಹಾಳಾಗಿ ಬರ್ತಿದೆ (ಮಾರಿಕಣಿವೆ ನೀರಿನ ಮಟ್ಟ)

ಹಿರಿಯೂರು_ಗ್ರಾಫ್: ಎರಡು ದಿನದಿಂದ ತಲೆ ಕೆಟ್ಟುಹೋಗೈತೆ. ವಾಣಿವಿಲಾಸ ಸಾಗರದ (ಮಾರಿಕಣಿವೆ ಅಣೆಕಟ್ಟಿನ) ಮಟ್ಟ ತಿಂಗಳು ತಿಂಗಳು ಏರಿಳಿಯೋ ಜಿಫ್ ಹಾಕಿದೀನಿ, ನೋಡಿ. ಪೈಥಾನ್‌ನ ಚಾರ್ಟ್ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಮಾಡಿದ್ದು. ಮಟ್ಟ ತೋರಿಸೋ ತೊಟ್ಟಿ ಚಿತ್ರ ತುಂಬೋದು ಸರಿ ಐತೆ, ಶೀರ್ಷಿಕೆ ಮಾತ್ರ ಹಾಳು. ಕನ್ನಡ ಫಾಂಟ್ ಹಾಕಿದೀನಿ. ಏನ್ ಮಾಡ್ಲಿ?

ಪಿಜೆ_ಬಡಾವಣೆ: ಫಾಂಟೇ ಸಮಸ್ಯೆ. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಬಳಸೋ ಡೇಜಾವು ಸ್ಯಾನ್ಸ್‌ನಲ್ಲಿ ಕನ್ನಡ ಇಲ್ಲ. ನೋಟೊ ಸ್ಯಾನ್ಸ್ ಕನ್ನಡ ಸೇರಿಸ್ರಿ, ಫಾಂಟ್ ಕ್ಯಾಶ್ (ಉಳಿಸಿಟ್ಟ ಹಳೇ ಫಾಂಟ್ ಪಟ್ಟಿ) ಅಳಿಸ್ರಿ.

ಹಿರಿಯೂರು_ಗ್ರಾಫ್: ಅದೆಲ್ಲ ಆಗೈತೆ ಸರ್.

ಪಿಜೆ_ಬಡಾವಣೆ: ಕ್ಯಾಶ್ ಪೂರ್ತಿ ಹೋಗಿರಲ್ಲ. ಇಲ್ದಿದ್ರೆ ಲೋಹಿತ್ ಕನ್ನಡ ಫಾಂಟ್ ಹಾಕಿ ನೋಡ್ರಿ.

ಕೋಟೆ_77: ತಡೀರಿ. ಹಾಳು ಅಂದ್ರೆ ಚೌಕ ಬರ್ತಿದಾವಾ, ಒತ್ತಕ್ಷರ ಒಡೆದಿದಾವಾ? ಜಿಫ್ ಚಿಕ್ಕದು, ಕಾಣ್ತಿಲ್ಲ. ಮ್ಯಾಟ್‌ಪ್ಲಾಟ್‌ಲಿಬ್ ವರ್ಶನ್ ಯಾವುದು?

ಹಿರಿಯೂರು_ಗ್ರಾಫ್: 3.8, ವಿಂಡೋಸ್. ಚೌಕ ಇಲ್ಲ. "ಚಿತ್ರದುರ್ಗ"ದಲ್ಲಿ ಅರ್ಕಾವತ್ತು ಹೋಗಿ ರ್ ಬೇರೆ, ಗ ಬೇರೆ ನಿಂತಿದಾವೆ.

ಕೋಟೆ_77: ಹಂಗಾದ್ರೆ ಫಾಂಟ್ ಮಾತು ಬಿಡಿ. ಚೌಕ ಬಂದ್ರೆ ಫಾಂಟ್ ಇಲ್ಲ ಅಂತ. ಅಕ್ಷರ ಬಂದು ಒತ್ತು ಕೂಡದಿದ್ರೆ ಶೇಪಿಂಗ್ (ಅಕ್ಷರಕ್ಕೆ ಒತ್ತು ಕೂಡಿಸೋ ಕೆಲಸ) ಇಲ್ಲ ಅಂತ. ಆ ವರ್ಶನ್ ಒಂದೊಂದೇ ಗ್ಲಿಫ್ (ಅಕ್ಷರದ ಆಕಾರ) ಸಾಲಾಗಿ ಇಡುತ್ತೆ, ಫಾಂಟಿನೊಳಗಿರೋ ಒತ್ತಕ್ಷರದ ನಿಯಮ ಓದಲ್ಲ. ಶೀರ್ಷಿಕೆ ಫ್ರೇಮಿಂದ ಫ್ರೇಮಿಗೆ ಬದಲಾಗಲ್ಲ ತಾನೆ? ಪೈಥಾನ್‌ನ ಚಿತ್ರ ಲೈಬ್ರರಿ ಪಿಲ್ಲೋದಲ್ಲಿ ಲೇಔಟ್ ಎಂಜಿನ್ ರಾಕ್ಮ್ (ಶೇಪಿಂಗ್ ಮಾಡೋದು ಇದೇ) ಕೊಟ್ಟು ಪಾರದರ್ಶಕ ಪಿಎನ್‌ಜಿ ಬರೆಸಿ, ಮ್ಯಾಟ್‌ಪ್ಲಾಟ್‌ಲಿಬ್‌ನ ಫಿಗ್‌ಇಮೇಜ್‌ನಿಂದ ಚಾರ್ಟ್ ಮೇಲೆ ಅಂಟಿಸಿ. ಅದು ಪಿಕ್ಸೆಲ್ ಲೆಕ್ಕ, ಸೇವ್ ಮಾಡುವಾಗ ಡಿಪಿಐ ಬದಲಾಯಿಸಿದ್ರೆ ಜಾಗ ತಪ್ಪುತ್ತೆ. ವಿಂಡೋಸಲ್ಲಿ ರಾಕ್ಮ್‌ಗೆ ಬೇಕಾದ ಫ್ರಿಬಿಡಿ ಡಿಎಲ್‌ಎಲ್ ಫೈಲ್ ಬೇರೆ ಇಡಬೇಕು. ಮೊದಲು ಪಿಲ್ಲೋದ ಫೀಚರ್ಸ್ ಚೆಕ್ ಮಾಡಿ, ರಾಕ್ಮ್‌ಗೆ ಟ್ರೂ ಬರಬೇಕು. ಫ್ರೇಮ್ ಫ್ರೇಮಿಗೂ ಬದಲಾಗೋ ಅಂಕಿ ಮ್ಯಾಟ್‌ಪ್ಲಾಟ್‌ಲಿಬ್‌ಗೇ ಬಿಡಿ, ೧೨೩ಕ್ಕೆ ಒತ್ತಿಲ್ಲ, ಒಡೆಯಲ್ಲ.

ಪಿಜೆ_ಬಡಾವಣೆ: ಇಷ್ಟೆಲ್ಲ ಯಾಕ್ರೀ, ಡಿ3 (ಬ್ರೌಸರಲ್ಲಿ ಚಾರ್ಟ್ ಬರೆಯೋ ಲೈಬ್ರರಿ) ಬಳಸ್ರಿ. ಶೇಪಿಂಗ್ ಬ್ರೌಸರ್ರೇ ಮಾಡುತ್ತೆ.

ವೇದಾವತಿ: ಅಕ್ಷರಕ್ಕಿಂತ ದೊಡ್ಡ ತಪ್ಪು ಆ ತೊಟ್ಟಿ. ಪೂರ್ತಿ ಮಟ್ಟ 130 ಅಡಿಯಲ್ಲಿ 65 ಅಡಿ ಅಂದ್ರೆ ಅರ್ಧ ತೊಟ್ಟಿ ತೋರಿಸ್ತೀರಿ, ಆದ್ರೆ ಅಲ್ಲಿ ನೀರು ಅರ್ಧ ಇರಲ್ಲ. ಕಣಿವೆ ಮೇಲಕ್ಕೆ ಹೋದಂಗೆ ಅಗಲ ಆಗುತ್ತೆ, ಕೊನೇ ಹತ್ತಡಿ ಹಿಡಿಯೋ ನೀರು ತಳದ ಹತ್ತಡಿಗಿಂತ ಎಷ್ಟೋ ಪಾಲು ಹೆಚ್ಚು. ತೊಟ್ಟಿ ಬೇಕಂದ್ರೆ ಟಿಎಂಸಿ (ನೂರು ಕೋಟಿ ಘನ ಅಡಿ ನೀರು) ಲೆಕ್ಕ ಹಾಕಿ, ಪೂರ್ತಿ ಅಂದ್ರೆ ಸುಮಾರು 30.

ಪಿಜೆ_ಬಡಾವಣೆ: ಜನಕ್ಕೆ ಅಡಿನೇ ಅರ್ಥ ಆಗೋದು. ಪೇಪರ್‌ನಾಗೂ ಅಡಿನೇ ಬರೀತಾರೆ.

ವೇದಾವತಿ: ಅಡಿ ಬರೀರಿ, ಬೇಡ ಅಂದಿಲ್ಲ. ಆಗ ಬರೀ ಗೆರೆ ಎಳೀರಿ, ತೊಟ್ಟಿ ಬೇಡ. 130ಕ್ಕೆ ಒಂದು ಚುಕ್ಕಿಗೆರೆ ಇರಲಿ. 1933 ಆದ್ಮೇಲೆ ಮತ್ತೆ ಮೊದಲ ಸಲ ಕೋಡಿ ಬಿದ್ದಿದ್ದು 2022ರಲ್ಲಿ. ಆ ತಿಂಗಳಲ್ಲಿ ವಿಡಿಯೊ ಎರಡು ಸೆಕೆಂಡ್ ನಿಲ್ಲಬೇಕು. 25 ಎಫ್‌ಪಿಎಸ್ (ಸೆಕೆಂಡಿಗೆ 25 ಫ್ರೇಮ್) ಆದ್ರೆ ಅದೇ ಫ್ರೇಮ್ 50 ಸಲ ಬರೆಸಿ.

ಹಿರಿಯೂರು_ಗ್ರಾಫ್: "ದುರ್ಗ" ಸರಿಯಾಯ್ತು! ಆದ್ರೆ ಫ್ರೇಮ್‌ಗಳನ್ನ ಎಫ್‌ಎಫ್‌ಎಂಪೆಗ್‌ಗೆ (ವಿಡಿಯೊ ಮಾಡೋ ತಂತ್ರಾಂಶ) ಕೊಟ್ರೆ ಅಗಲ 2ರಿಂದ ಭಾಗ ಆಗಲ್ಲ ಅಂತೈತೆ.

ಕೋಟೆ_77: ಸೇವ್‌ಫಿಗ್‌ನಲ್ಲಿ ಬಿಬಾಕ್ಸ್ ಟೈಟ್ (ಅಂಚಿನ ಖಾಲಿ ಜಾಗ ಕತ್ತರಿಸೋದು) ಕೊಟ್ಟಿರಬೇಕು, ತೆಗೀರಿ. ಅಂಚಿನಲ್ಲಿರೋ ಅಂಕಿ 99ರಿಂದ 100 ಆದ್ರೆ ಸಾಕು, ಫ್ರೇಮಿನ ಅಳತೆಯೇ ಬದಲಾಗುತ್ತೆ. 12.8×7.2 ಇಂಚು, ಡಿಪಿಐ 100 ಇಡಿ, 1280×720 ಬರುತ್ತೆ. ಪಿಕ್ಸೆಲ್ ಫಾರ್ಮ್ಯಾಟ್ ವೈಯುವಿ420ಪಿ ಕೊಡಿ, ಇಲ್ದಿದ್ರೆ ಕೆಲವು ಫೋನಲ್ಲಿ ವಿಡಿಯೊ ತೆರೆಯೋದೇ ಇಲ್ಲ.

ಹಿರಿಯೂರು_ಗ್ರಾಫ್: ಬಂತು ಸರ್. ವೇದಾವತಿಯವರೇ, ಎಷ್ಟು ಅಡಿಗೆ ಎಷ್ಟು ಟಿಎಂಸಿ ಅನ್ನೋ ಪಟ್ಟಿ ನಿಮ್ಮ ಹತ್ರ ಐತಾ?