ಆಫೀಸಿನ ಹಳೇ ಕಂಪ್ಯೂಟರ್, ಬ್ಯಾಟರಿ ಏನು ಮಾಡೋದು? ಮೇಡಂ ಹತ್ತಿರ ಕೇಳಿ

ಅಡ್ಮಿನ್: ಇ-ತ್ಯಾಜ್ಯದ ಪ್ಲಾಂಟ್‌ನಲ್ಲಿ ಎಂಜಿನಿಯರ್ ಆಗಿರುವ ಮೇಡಂ ಇವತ್ತು ಸಿಗುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಪೀಣ್ಯ ವರ್ಕ್‌ಶಾಪ್: 14 ಹಳೇ ಸಿಪಿಯು ಇವೆ. ಗುಜರಿಯವನು ಬಾಗಿಲಿಗೇ ಬಂದು ಕ್ಯಾಶ್ ಕೊಡುತ್ತಾನೆ. ಕೊಟ್ಟರೆ ಏನು ತಪ್ಪು?

ಮೇಡಂ: ಬೋರ್ಡು ಕಿತ್ತು ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವವರ ಕೈ ಸೇರಬಹುದು, ಉಳಿದ ಆಸಿಡ್ ಮೋರಿಗೆ. ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಆದ ರೀಸೈಕ್ಲರ್‌ಗೆ ಕೊಟ್ಟು ರಸೀದಿ ತಗೊಳ್ಳಿ.

ದಾವಣಗೆರೆ ಜೆರಾಕ್ಸ್: ಖಾಲಿ ಟೋನರ್ ಡಬ್ಬ ಎಲ್ಲಿಗೆ ಹಾಕಬೇಕು?

ಹುಬ್ಬಳ್ಳಿ ಕಾಲ್ ಸೆಂಟರ್: ಮೇಡಂ, ಲ್ಯಾಪ್‌ಟಾಪ್ ಬ್ಯಾಟರಿ ಊದಿಕೊಂಡಿವೆ. 9 ಬಿಚ್ಚಿ ರಟ್ಟಿನ ಡಬ್ಬಕ್ಕೆ ಹಾಕಿ ಯುಪಿಎಸ್ ರೂಮಿನಲ್ಲಿ ಇಟ್ಟಿದ್ದೇವೆ. ಸೂಜಿ ಚುಚ್ಚಿ ಗಾಳಿ ಬಿಟ್ಟು ಫ್ರೀಜರ್‌ನಲ್ಲಿ ಇಟ್ಟರೆ ಸರಿಯಾಗುತ್ತದೆ ಅಂತ ಫಾರ್ವರ್ಡ್ ಬಂದಿದೆ, ಖರೇನೇನ್ರಿ?

ಮೇಡಂ: ಸೂಜಿ ಕೆಳಗಿಡಿ! ಅದು ಗಾಳಿಯಲ್ಲ, ಹೊತ್ತಿಕೊಳ್ಳುವ ಗ್ಯಾಸ್. ಚುಚ್ಚಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿ ಕೈಯಲ್ಲೇ ಹೊತ್ತಿ ಉರಿಯಬಹುದು. ಇಂಥದ್ದನ್ನು ಬರೆದು ಹಂಚುವವರಿಗೆ ಬೇರೆ ಕೆಲಸ ಇಲ್ವಾ? ಯುಪಿಎಸ್ ಪಕ್ಕದಿಂದ ಈಗಲೇ ಎತ್ತಿ. ಒಂದೊಂದರ ಟರ್ಮಿನಲ್‌ಗೂ ಇನ್ಸುಲೇಶನ್ ಟೇಪ್ ಸುತ್ತಿ, ಬೇರೆ ಬೇರೆ ಕವರ್‌ಗೆ ಹಾಕಿ, ಕಬ್ಬಿಣದ ಬಕೆಟ್‌ನಲ್ಲಿ ಒಣ ಮರಳಿನ ನಡುವೆ ಇಡಿ. ಒಂದರ ಮೇಲೊಂದು ಪೇರಿಸಬೇಡಿ, ಒತ್ತಬೇಡಿ. ಕೊರಿಯರ್ ಬೇಡವೇ ಬೇಡ. ಡಬ್ಬದ ಹತ್ತಿರ ಏನಾದರೂ ವಾಸನೆ ಇದೆಯಾ?

ಹುಬ್ಬಳ್ಳಿ ಕಾಲ್ ಸೆಂಟರ್: ಹೌದ್ರಿ, ನೇಲ್ ಪಾಲಿಶ್ ತರಹ, ಸಿಹಿ ಸಿಹಿ.

ಮೇಡಂ: ಹಾಗಾದರೆ ಒಂದು ಸೋರಿದೆ. ಕಿಟಕಿ ತೆಗೆಯಿರಿ, ಬರಿಗೈಯಲ್ಲಿ ಮುಟ್ಟಬೇಡಿ.

ತುಮಕೂರು ನರ್ಸಿಂಗ್ ಹೋಮ್: ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿ ಸ್ಪೀಕರ್ ಮ್ಯಾಗ್ನೆಟ್ ಉಜ್ಜಿದರೆ ಪೇಷಂಟ್ ದಾಖಲೆ ಹೋಗುತ್ತದಂತೆ?

ಮೇಡಂ: ಇನ್ನೊಂದು ಫಾರ್ವರ್ಡಾ? ಹೋಗಲ್ಲ. ಎಸ್‌ಎಸ್‌ಡಿಗಂತೂ, ಅಂದರೆ ಚಿಪ್‌ನಲ್ಲಿ ದಾಖಲೆ ಇಡುವ ಹೊಸ ಥರದ ಡಿಸ್ಕ್‌ಗೆ, ಮ್ಯಾಗ್ನೆಟ್ ಲೆಕ್ಕಕ್ಕೇ ಇಲ್ಲ. ಎದುರಿಗೇ ಪುಡಿ ಮಾಡಿಸಿ, ಸೀರಿಯಲ್ ನಂಬರ್ ಬರೆದ ಸರ್ಟಿಫಿಕೇಟ್ ಕೇಳಿ.

ಹಾಸನ ಮೊಬೈಲ್ ಅಂಗಡಿ: ಗುಜರಿಗೆ ಕೊಡಬಹುದಾ?

ಮೇಡಂ: ಮೇಲೆ ಓದಿ.

ಮೈಸೂರು ಆಡಿಟರ್: ಪೀಣ್ಯದವರೇ, ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಪೀಣ್ಯ ವರ್ಕ್‌ಶಾಪ್: ಅದರಲ್ಲಿ ಬಲ್ಕ್ ಗ್ರಾಹಕ ಅಂದರೆ ವರ್ಷದಲ್ಲಿ 1000 ಸಾಮಾನು ಬಳಸುವವರು. ನಮ್ಮದು 14.

ಮೈಸೂರು ಆಡಿಟರ್: ಮೋರಿಗೆ ಸುರಿದ ಆಸಿಡ್‌ಗೆ ಈ ಲೆಕ್ಕ ಗೊತ್ತಾ?

ಪೀಣ್ಯ ವರ್ಕ್‌ಶಾಪ್: 14 ಪೀಸಿಗೆ ಗಾಡಿ ಕಳಿಸಲ್ಲ ಅಂದರು ಸ್ವಾಮಿ ರೀಸೈಕ್ಲರ್‌ನವರು. ಬಾಡಿಗೆ ನೀವು ಕೊಡ್ತೀರಾ? ಸುಮ್ನೆ ಬುದ್ಧಿ ಹೇಳಬೇಡಿ.

ಮೇಡಂ: ಅಕ್ಕಪಕ್ಕದ ಶೆಡ್‌ಗಳದ್ದೂ ಸೇರಿಸಿ ಕರೆಯಿರಿ. ಜಗಳ ಬೇರೆ ಕಡೆ ಆಡಿ.

ಹಾಸನ ಮೊಬೈಲ್ ಅಂಗಡಿ: ಕೆಜಿಗೆ ಎಷ್ಟು ಕೊಡುತ್ತಾರೆ?

ದಾವಣಗೆರೆ ಜೆರಾಕ್ಸ್: ಟೋನರ್ ಕೇಳಿದ್ದೆ ಮೇಡಂ…

ಹುಬ್ಬಳ್ಳಿ ಕಾಲ್ ಸೆಂಟರ್: ಮರಳು ಸಿಕ್ಕಿತ್ರಿ. ಬಕೆಟ್ ಪ್ಲಾಸ್ಟಿಕ್‌ದು, ನಡೆಯುತ್ತದಾ?

ಮೇಡಂ: ಕಬ್ಬಿಣದ್ದು ಅಂದೆ ಅಲ್ವಾ! ಹತ್ತಿರ ಎಲ್ಲಾದರೂ ಗಾರೆ ಕೆಲಸ ನಡೀತಿದ್ದರೆ ಬಾಣಲಿ ಇಸ್ಕೊಂಡು ಬನ್ನಿ.